ಜನವರಿಯಲ್ಲಿ ಹೀಟರ್ ಹಾಕುವ ಕಾಸಿಯಾನೊ

ಕಾಸಿಯಾನೊನ ಹೆಸರನ್ನು ದಾಲ್ಮಿರಾ ಮೊದಲ ಸಲ ಕೇಳಿದ್ದು ಬೈಗುಳದ ಜೊತೆಗೆ. ಅವಳೂ ಗಂಡ ವೆಂತೂರನೂ ಕಾಡಿನ ಇದ್ದಿಲು ಗೂಡುಗಳ ಸಹವಾಸ ಬಿಟ್ಟು ಕೆಬ್ರಾಚೊ ಸೋಲೊ ಊರಿಗೆ ಬಂದ ಮೊದಲ ಬೇಸಿಗೆ ಅದು. ಸಾಂತಿಯಾಗೊ ಸೀಮೆಯಲ್ಲಿ ಜನವರಿಯೇ ನಡುಬೇಸಿಗೆ, ಕೋಳಿಗಳು ಬಾಯಿ ತೆರೆದುಕೊಂಡೇ ನಿಂತಿರುವ ತಿಂಗಳು. ಊಟ ಆದಮೇಲೆ ಊರಿಗೆ ಊರೇ ಬಾಗಿಲು ಹಾಕಿ ಮಲಗುತ್ತದೆ. ಬೀದಿಯಲ್ಲಿ ನಾಯಿ ಕೂಡ ಇರುವುದಿಲ್ಲ, ಆಲ್ಗರೋಬಾ ಮರದ ಜೀರುಂಡೆಗಳು ಮಾತ್ರ ಕಿವಿ ತೂತಾಗುವ ಹಾಗೆ ಕಿರುಚುತ್ತಿರುತ್ತವೆ. ಅಂಥ ಹೊತ್ತಿನಲ್ಲಿ ಮೈದುನ ರುಫಿನೊ ಬೂಟುಗಳನ್ನು ಕೈಯಲ್ಲಿ ಹಿಡಿದು, ಕುಂಟುತ್ತಾ ಅಂಗಳಕ್ಕೆ ಬಂದವನೇ ಬಟ್ಟೆ ನೆನೆಹಾಕಿದ್ದ ತೊಟ್ಟಿಯೊಳಗೆ ಎರಡೂ ಕಾಲು ಇಳಿಸಿಬಿಟ್ಟ.

“ಅಯ್ಯೋ, ಚರ್ಚಿನ ಮೇಜುಬಟ್ಟೆ ಇದೆ ಕಣೋ ಅದ್ರಲ್ಲಿ!”

“ಪಾದ್ರಿಗಳು ಕ್ಷಮಿಸ್ತಾರೆ ಬಿಡಿ ಅತ್ತಿಗೆ. ನೋಡಿ ಇಲ್ಲಿ, ಮೊಣಕಾಲ ತನಕ ಬೆಂದು ಹೋಗಿದೆ.”

“ಯಾವ ಗೂಡಿಗೆ ಇಳಿದಿದ್ದೆ?”

“ಗೂಡೇ ವಾಸಿ! ಆ ಬ್ರೆಡ್ ಮಾಡೋ ಕಾಸಿಯಾನೊ ಇದಾನಲ್ಲ, ಅವನ ಮನೆ ಹಾಳಾಗ, ಅವನ ಕಾರಲ್ಲಿ ರೇಸಿಗೆ ಕೂತಿದ್ದೆ. ಹೀಟರ್ ಹಾಕ್ತಾನೆ ಅತ್ತಿಗೆ! ಜನವರಿಯಲ್ಲಿ! ಚಳಿಗಾಲದಲ್ಲಿ ಹಾಕ್ಕೊಳ್ಳೋ ಹೀಟರ್!”

ಮರದ ಕೆಳಗೆ ಮಂಚದ ಮೇಲೆ ಬಿದ್ದುಕೊಂಡಿದ್ದ ವೆಂತೂರ ಕಣ್ಣು ಬಿಡದೆ ನಕ್ಕ. “ಅವನಿಗೆ ಚಳಿ ಆಗಿತ್ತೇನೋ ಪಾಪ.”

“ನಗು ನಗು. ಸ್ಮಶಾನದ ತಿರುವಲ್ಲಿ ಇಳಿದು ನಡ್ಕೊಂಡು ಬಂದೆ. ಕಾರ್ ಅಲ್ಲೇ ಬಿಟ್ಟು ಕೂಗ್ತಾ ಇದ್ದ, ಬಾರೋ ಮಾರಾಯಾ, ಇನ್ನು ಎರಡೇ ಸುತ್ತು ಅಂತ. ನಾನು ತಿರುಗಿಯೂ ನೋಡ್ಲಿಲ್ಲ.”

ಜನವರಿ ರೇಸು ಅಂದರೆ ಕೆಬ್ರಾಚೊ ಸೋಲೊದವರಿಗೆ ಏನು ಎಂಬುದು ದಾಲ್ಮಿರಾಗೆ ಆಮೇಲೆ ತಿಳಿಯಿತು. ಅದಕ್ಕೆಂದೇ ಮಾಡಿದ ಮೈದಾನ ಇರಲಿಲ್ಲ, ಊರ ಸುತ್ತಿನ ಮಣ್ಣು ರಸ್ತೆಯೇ ರೇಸಿನ ದಾರಿ. ರೈಲು ನಿಲ್ದಾಣದಿಂದ ಹೊರಟು, ಸ್ಮಶಾನ ಬಳಸಿ, ಹತ್ತಿ ಗೋದಾಮು ದಾಟಿ, ಕೆರೆ ಏರಿಯ ಮೇಲಿಂದ ಇಳಿದು, ಊರ ನಡುಬೀದಿ ಹಿಡಿದು ಮತ್ತೆ ನಿಲ್ದಾಣಕ್ಕೆ. ರಸ್ತೆ ಖಾಲಿ ಸಿಗುವುದು ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಸುಡುಸುಡು ಬಿಸಿಲಿನಲ್ಲೇ ರೇಸು. ನಿದ್ದೆ ಮುಗಿಯಿತು ಎಂದು ಚರ್ಚಿನ ಗಂಟೆ ಬಾರಿಸಿದರೆ ಬಾವುಟ ಮಡಚಿದರು ಅಂತ ಅರ್ಥ. ಆಮೇಲೆ ರಸ್ತೆ ಮತ್ತೆ ಜನರದ್ದು, ಆಡುಗಳದ್ದು. ಓಡಿಸುವವರೂ ದೊಡ್ಡ ಕುಳಗಳಲ್ಲ. ಕಟುಕ, ಲಾರಿ ಚಾಲಕ, ಮೇಷ್ಟ್ರು, ಹೀಗೆ ವಾರವೆಲ್ಲ ಸಾಮಾನು ಹೊರುವ ಕಾರನ್ನೇ ಭಾನುವಾರ ತೊಳೆದು ನಂಬರ್ ಬರೆದುಕೊಂಡು ಬರುವವರು. ನಿಯಮ ಒಂದೇ. ಕಾರಿನಲ್ಲಿ ಇಬ್ಬರು ಹೊರಡಬೇಕು, ಅದೇ ಇಬ್ಬರು ತಲುಪಬೇಕು. ನಡುವೆ ಕೆಟ್ಟರೆ ಆ ಇಬ್ಬರ ಕೈ ಬಿಟ್ಟು ಬೇರೆಯವರ ಕೈ ಕಾರಿಗೆ ತಾಗಬಾರದು.

ಕಾಸಿಯಾನೊ ಹೊರಡುತ್ತಿದ್ದ, ತಲುಪುತ್ತಿರಲಿಲ್ಲ. ವರ್ಷ ವರ್ಷವೂ ಇದೇ ಕತೆ.

ನಿಲ್ದಾಣದ ಹಿಂದಿನ ಬೇಕರಿ ಅವನದು. ಐವತ್ತರ ಆಸುಪಾಸಿನ ಒಂಟಿ ಮನುಷ್ಯ. ಮದುವೆ ಯಾಕಾಗಲಿಲ್ಲ ಅಂದರೆ “ನಾನು ಏಳೋ ಹೊತ್ತಿಗೆ ಹೆಂಗಸರೆಲ್ಲ ಮಲಗಿರ್ತಾರೆ, ಯಾರನ್ನ ಕೇಳ್ಲಿ?” ಅನ್ನುತ್ತಿದ್ದ. ಊರು ಮಲಗಿದ ಮೇಲೆ ಎದ್ದು ಹಿಟ್ಟು ನಾದಿ, ಕಟ್ಟಿಗೆ ಒಲೆ ಹೊತ್ತಿಸಿ, ಬೆಳಗಾಗುವ ಹೊತ್ತಿಗೆ ಬ್ರೆಡ್ಡನ್ನು ಅದೇ ಹಳೇ ಕಾರಿಗೆ ತುಂಬಿ ಮನೆಮನೆಗೆ ಹಂಚುವನು. ಇಡೀ ರಾತ್ರಿ ಮಾತಾಡಲು ಒಬ್ಬರೂ ಇಲ್ಲ. ಅದಕ್ಕೇ ಏನೋ, ಬೆಳಿಗ್ಗೆ ಬಾಗಿಲಲ್ಲಿ ಸಿಕ್ಕಿದವರಿಗೆ ಬ್ರೆಡ್ಡಿಗಿಂತ ಮಾತೇ ಜಾಸ್ತಿ ಕೊಡುತ್ತಿದ್ದ.

ಆ ಕಾರಿನ ಇಂಜಿನ್ ಬಿಸಿಲಿಗೆ ಬೇಗ ಕುದಿಯುತ್ತಿತ್ತು. ಹೀಟರಿನ ಉಪಾಯ ಅವನಿಗೆ ಹೊಳೆದದ್ದು ಅದರಿಂದಲೇ. ಇಂಜಿನ್ನಿನ ಕಾದ ನೀರು ಡ್ಯಾಶ್‌ಬೋರ್ಡಿನ ಕೆಳಗಿರುವ ಸಣ್ಣ ಪೆಟ್ಟಿಗೆಯೊಳಗೆ ಸುತ್ತಿ ಹೋಗುತ್ತದೆ, ಫ್ಯಾನು ಅಲ್ಲಿನ ಬಿಸಿಯನ್ನು ಕೂತವರ ಕಾಲಿಗೆ ಊದುತ್ತದೆ. ಅಷ್ಟು ಬಿಸಿ ಮನುಷ್ಯರ ಪಾಲಿಗೆ ಬಂದರೆ ಇಂಜಿನ್ನಿಗೆ ಅಷ್ಟು ಕಡಿಮೆ. ಕಿಟಕಿ ತೆಗೆಯೋಣವೆಂದರೆ ಹಿಟ್ಟಿನಂಥ ದೂಳು ನುಗ್ಗಿ ರಸ್ತೆಯೇ ಕಾಣುವುದಿಲ್ಲ. ಒಲೆ ಮುಂದೆ ಬೆಳೆದ ಕಾಸಿಯಾನೊಗೆ ಅದು ದೊಡ್ಡ ಮಾತಲ್ಲ, ಪಕ್ಕದಲ್ಲಿ ಕೂತವರದ್ದೇ ಪಾಡು. ತಂತಿ ಕಚೇರಿಯ ಗುಮಾಸ್ತನೊಬ್ಬ ಓಡುವ ಕಾರಿನಿಂದಲೇ ಕಾಲುವೆಗೆ ಹಾರಿ, ನೀರಿನಲ್ಲಿ ಮಲಗಿ, ತಾಯಿಯನ್ನು ಕರೆಯುತ್ತಿದ್ದನಂತೆ.

ಆ ವರ್ಷ ಡಿಸೆಂಬರ್ ಮುಗಿಯುವ ಹೊತ್ತಿಗೆ ರೇಸು ನಡೆಸುವ ಕ್ಲಬ್ಬಿನ ಅಧ್ಯಕ್ಷ, ಔಷಧಿ ಅಂಗಡಿಯ ದೊನ್ ಗೆರ್ವಾಸಿಯೊ ಹೇಳಿಬಿಟ್ಟ. “ಕಾಸಿಯಾನೊ, ನೋಡಪ್ಪಾ, ಬೇಜಾರು ಮಾಡ್ಕೋಬೇಡ. ಹೊರಡೋಕೆ ಜಾಗ ಸಾಲ್ತಾ ಇಲ್ಲ. ಈ ಸಲವೂ ನೀನು ಬಾವುಟ ದಾಟದೇ ಹೋದ್ರೆ ಇನ್ಮೇಲೆ ನಿನ್ನ ಜಾಗ ಬೇರೆಯವರಿಗೆ. ಇನ್ನೊಂದು ಮಾತು, ಪಕ್ಕದಲ್ಲಿ ಕೂರೋರನ್ನ ಮೊದಲು ಕರ್ಕೊಂಡು ಬಾ.”

ಬಹುಮಾನದ ಕಪ್ಪು ಗಿಪ್ಪು ಕಾಸಿಯಾನೊಗೆ ಬೇಡವಾಗಿತ್ತು. ಒಂದೇ ಒಂದು ಸಲ ಆ ಬಾವುಟದ ಕೆಳಗೆ ಹಾದುಹೋಗಬೇಕು, ಅಷ್ಟೇ. ಆಮೇಲೆ ಬ್ರೆಡ್ ಕೊಳ್ಳಲು ಬಂದವರನ್ನೆಲ್ಲ ಕೇಳುವುದೇ ಅವನ ಕೆಲಸವಾಯಿತು. ದಾಲ್ಮಿರಾ ಬುಟ್ಟಿ ಹಿಡಿದು ನಿಂತ ದಿನ ಅವಳ ಮುಂದಿದ್ದ ಕಮ್ಮಾರ “ನನಗೆ ಮಕ್ಕಳಿದಾರೆ ಕಣಯ್ಯಾ” ಅಂದು, ಚಿಲ್ಲರೆ ಕೂಡ ತಗೊಳ್ಳದೆ ಹೋಗಿಬಿಟ್ಟ.

“ನಾನು ಕೂತ್ಕೋತೀನಿ,” ಅಂದಳು ದಾಲ್ಮಿರಾ.

ಕಾಸಿಯಾನೊ ಒಲೆಯಿಂದ ಬ್ರೆಡ್ ತೆಗೆಯುವ ಉದ್ದನೆ ಹಲಗೆಯನ್ನು ಕೆಳಗಿಟ್ಟ. “ದೊನ್ಯಾ ದಾಲ್ಮಿರಾ, ತಮಾಷೆ ಮಾಡ್ಬೇಡಿ. ನಾನು ಈಗ ನಗೋ ಸ್ಥಿತಿಯಲ್ಲಿಲ್ಲ.”

“ತಮಾಷೆ ಏನಿಲ್ಲ. ಇದ್ದಿಲು ಗೂಡು ಪೂರ್ತಿ ಆರೋಕೆ ಮುಂಚೆ ಒಳಗೆ ನುಗ್ಗಿ ಇದ್ದಿಲು ಎಳೆದು ಹಾಕ್ತಿದ್ದೋಳು ನಾನು. ಗಂಡಸರಿಗೆ ಭುಜ ಅಗಲ, ಬಾಗಿಲಲ್ಲಿ ಹಿಡಿಸ್ತಿರಲಿಲ್ಲ. ನಿಮ್ಮ ಕಾರಿನ ಬಾಗಿಲು ಅದಕ್ಕಿಂತ ದೊಡ್ಡದೇ ಅಲ್ವಾ?”

ಸತ್ಯ ಹೇಳಬೇಕೆಂದರೆ ಅವಳಿಗೆ ಊರಿಗೆ ಬಂದ ಮೇಲೆ ಬೇಸರ ಹಿಡಿದಿತ್ತು. ಕಾಡಿನಲ್ಲಿ ಅವಳಿಗೊಂದು ಹೆಸರಿತ್ತು, ಇಲ್ಲಿ ಬರೀ ಬಟ್ಟೆ ಒಗೆಯುವವಳು. ಮೇಲಾಗಿ ದೊಡ್ಡ ದೊಡ್ಡ ಗಂಡಸರನ್ನು ಅಳಿಸಿ ಮನೆಗೆ ಕಳಿಸುವ ಆ ಬಿಸಿ ಎಂಥದ್ದೆಂದು ನೋಡಬೇಕು ಅನ್ನುವ ಚಪಲ.

ದೊನ್ ಗೆರ್ವಾಸಿಯೊ ತಲೆ ಕೆರೆದುಕೊಂಡ. ಇಬ್ಬರು ಮನುಷ್ಯರು ಅಂತ ನಿಯಮ. ಹೆಂಗಸು ಮನುಷ್ಯಳಲ್ಲ ಅನ್ನಲು ಅವನಿಗೆ ಧೈರ್ಯ ಬರಲಿಲ್ಲ, ಪಕ್ಕದಲ್ಲೇ ಹೆಂಡತಿ ಮಾತ್ರೆ ಕಟ್ಟುತ್ತಿದ್ದಳು. ವೆಂತೂರ ಮಾತ್ರ ಒಂದು ದಿನವೆಲ್ಲ ಮುಖ ಊದಿಸಿಕೊಂಡಿದ್ದು ಕೊನೆಗೆ ಅಂದ, “ಹೋಗು. ಆದ್ರೆ ನಡುವೆ ಇಳಿದು ನಡ್ಕೊಂಡು ಬಂದ್ರೆ ಈ ಮನೆಗೆ ಬರಬೇಡ. ಒಬ್ಬ ತಮ್ಮ ಮಾಡಿದ್ದೇ ಸಾಕು ಮರ್ಯಾದೆ ತೆಗೆದಿದ್ದು.”

ರುಫಿನೊಗೆ ಆ ಮಾತು ನಾಟಿತು. ಅವನು ಟ್ರಾಕ್ಟರ್ ರಿಪೇರಿ ಮಾಡುವವನು. ರೇಸಿನ ಹಿಂದಿನ ಸಂಜೆ ತಾನೇ ಹೋಗಿ ಕಾಸಿಯಾನೊನ ಕಾರಿನ ಬಾನೆಟ್ ಎತ್ತಿ, ತಿರುಪು ತಿರುಪನ್ನೂ ಬಿಗಿ ಮಾಡಿ, ಒರೆಸಿ ಬಂದ. “ಅತ್ತಿಗೆ, ಕಾರು ಮದುವಣಗಿತ್ತಿ ಹಾಗಿದೆ,” ಅಂದ.

ಮರುದಿನ ಊರು ಮಲಗಲಿಲ್ಲ. ಬಾಗಿಲುಗಳನ್ನು ಒಂದು ಗೇಣು ತೆರೆದಿಟ್ಟು ಒಳಗಿನ ನೆರಳಿನಿಂದಲೇ ನೋಡುತ್ತಿತ್ತು. ದಾಲ್ಮಿರಾ ಗೂಡಿಗೆ ಇಳಿಯುವಾಗಿನ ಹಾಗೇ ತಲೆಗೆ ಒದ್ದೆ ಬಟ್ಟೆ ಸುತ್ತಿ, ಕಾಲಿಗೆ ಒದ್ದೆ ಗೋಣಿ ಕಟ್ಟಿಕೊಂಡು, ಮಡಿಲಲ್ಲಿ ನೀರಿನ ದೊಡ್ಡ ಸೀಸೆ ಇಟ್ಟುಕೊಂಡು ಕೂತಳು.

“ನಿಮ್ಮ ಕೆಲಸ ಒಂದೇ,” ಅಂದ ಕಾಸಿಯಾನೊ. “ಇಂಜಿನ್ ಬಿಸಿ ತೋರಿಸೋ ಆ ಮುಳ್ಳು ನೋಡ್ತಾ ಇರಿ. ಕೆಂಪು ಗೆರೆ ಕಡೆ ಹೊರಟ್ರೆ ಹೇಳಿ. ನನಗೆ ರಸ್ತೆ ನೋಡೋದ್ರಲ್ಲೇ ಸಾಕಾಗುತ್ತೆ.”

ಬಾವುಟ ಬಿತ್ತು. ಕಾಸಿಯಾನೊ ಹೀಟರಿನ ಗುಂಡಿ ಪೂರ್ತಿ ಎಳೆದ.

ಮೊದಲ ಉಸಿರಿಗೆ ದಾಲ್ಮಿರಾಗೆ ಮೂಗಿನೊಳಗಿನ ಕೂದಲು ಸುಟ್ಟ ಹಾಗಾಯಿತು. ಗೂಡಿನ ಬಿಸಿ ನಿಂತಿರುತ್ತದೆ, ಇದು ಮೈಮೇಲೆ ಬರುತ್ತದೆ. ಆದರೂ ತಡೆಯಲಾರದಂಥದ್ದಲ್ಲ. ಕಾಸಿಯಾನೊ ಮಾತು ಶುರು ಮಾಡಿದ. ಎದುರಿನ ದೂಳಿನ ಬಗ್ಗೆ, ಮುಂದೆ ಹೋಗುತ್ತಿದ್ದ ಕಟುಕನ ಜಿಪುಣತನದ ಬಗ್ಗೆ, ಹುಳಿ ಬರದ ಹಿಟ್ಟಿನ ಬಗ್ಗೆ.

“ಹೋದ ವಾರ ನಿಮ್ಮ ಬ್ರೆಡ್ಡು ಕಲ್ಲಾಗಿತ್ತು,” ಅಂದಳು ಅವಳು.

ಅವನು ರಸ್ತೆ ಬಿಟ್ಟು ಅವಳ ಕಡೆ ತಿರುಗಿದ. “ಏನಂದ್ರಿ?”

“ಮುಂದೆ ನೋಡಿ ಮಾರಾಯ್ರೆ! ಕಲ್ಲು ಅಂದೆ. ವೆಂತೂರ ಅದರಲ್ಲಿ ಮೊಳೆ ಹೊಡೆದ.”

ಕಾಸಿಯಾನೊ ಗಹಗಹಿಸಿ ನಕ್ಕ. “ಈ ಕಾರಲ್ಲಿ ಇಷ್ಟು ವರ್ಷಕ್ಕೆ ನನಗೆ ಯಾರೂ ತಿರುಗಿ ಉತ್ತರ ಕೊಟ್ಟಿರಲಿಲ್ಲ. ಎಲ್ಲರೂ ಬರೀ ಜಪ ಮಾಡೋರು.”

ಹೀಗೆ ಬೈಯುತ್ತಾ ಬೈಸಿಕೊಳ್ಳುತ್ತಾ ಸುತ್ತುಗಳು ಕಳೆದವು. ಮೇಷ್ಟ್ರ ಕಾರು ಹತ್ತಿ ಗೋದಾಮಿನ ಹತ್ತಿರ ಹೊಗೆಯಾಡುತ್ತಾ ನಿಂತಿತ್ತು. ಕಟುಕ ಕೆರೆ ಏರಿಯ ಕೆಳಗೆ ಚಕ್ರ ಕಳಚಿಕೊಂಡು ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದ. ಇವರ ಮುಳ್ಳು ಮಾತ್ರ ಕದಲದೆ ನಿಂತಿತ್ತು. ಕೊನೆಯ ಸುತ್ತು ಹಿಡಿದು ಸ್ಮಶಾನದ ತಿರುವಿಗೆ ಬಂದಾಗ ದಾಲ್ಮಿರಾ ಕಾಲು ಚಾಚಿ ಕೂತು ನಿಟ್ಟುಸಿರು ಬಿಟ್ಟಳು.

“ಅಬ್ಬಾ! ತಾಯಿ ಮರಿಯಾ ಕಣ್ಣು ಬಿಟ್ಟಳು. ತಣ್ಣಗೆ ಗಾಳಿ ಬರ್ತಾ ಇದೆ ನೋಡಿ.”

ಕಾಸಿಯಾನೊ ತಟ್ಟನೆ ಅವಳ ಕಡೆ ತಿರುಗಿದ. “ಎಲ್ಲಿಂದ?”

“ಕೆಳಗಿಂದ, ಹೀಟರಿಂದ. ಹಾಯಾಗಿದೆ.”

“ಹಾಯಾಗಿದೆಯಾ? ಹುಡುಗಿ, ಸತ್ತೆವು! ಮುಳ್ಳು ನೋಡು, ಮುಳ್ಳು!”

ಮುಳ್ಳು ಕೆಂಪು ಗೆರೆಯ ಮೇಲೆ ಕೂತಿತ್ತು. ಬಿಸಿ ಇವರ ಕಡೆ ಬರುವುದು ನಿಂತಿದೆ ಎಂದರೆ ಅಷ್ಟೂ ಇಂಜಿನ್ನಿನಲ್ಲೇ ಕೂತಿದೆ. ಕಾಸಿಯಾನೊ ರಸ್ತೆ ಬದಿಗೆ ಎಳೆದು ನಿಲ್ಲಿಸಿದ. ಸ್ಮಶಾನದ ಗೋಡೆಯ ನೆರಳಿನಲ್ಲಿ ಕೂತಿದ್ದ ನಾಲ್ಕೈದು ಜನ ಎದ್ದು ಬಂದರು, ಹತ್ತಿರ ಬರುವಂತಿಲ್ಲವೆಂದು ದೂರದಲ್ಲೇ ನಿಂತು ಬಾಯಿ ಮಾತಿನಲ್ಲಿ ರಿಪೇರಿ ಮಾಡತೊಡಗಿದರು.

“ಬಾನೆಟ್ ತೆಗಿಯೋ!” “ತೆಗಿಬೇಡ್ವೋ, ಸಿಡಿಯುತ್ತೆ!” “ಹೆಂಗಸನ್ನ ಕೂರಿಸ್ಕೊಂಡ್ರೆ ಇನ್ನೇನಾಗುತ್ತೆ!”

“ನಿಮ್ಮಪ್ಪನ್ನ ಕೂರಿಸ್ಕೊಂಡಿದ್ರೆ ಆಗ್ಲೇ ಕಾಲುವೆಯಲ್ಲಿ ಇರ್ತಿದ್ದ!” ಅಂತ ಕೂಗಿದ ಕಾಸಿಯಾನೊ. ಕೂಗಿದ್ದೇ ಬಂತು, ಆಮೇಲೆ ಸ್ಟೀರಿಂಗ್ ಚಕ್ರದ ಮೇಲೆ ಹಣೆ ಇಟ್ಟು ಸುಮ್ಮನಾದ. ಅವನು ಸುಮ್ಮನಾದದ್ದನ್ನು ಅವಳು ನೋಡಿದ್ದು ಅದೇ ಮೊದಲು. “ಸಾಕು ಬಿಡಮ್ಮ,” ಅಂದ. “ಇಲ್ಲೇ ಇಳಿದು ನಡ್ಕೊಂಡು ಹೋಗೋಣ. ಇದು ನನಗೆ ಬರೆದಿಲ್ಲ.”

“ನಡ್ಕೊಂಡು ಹೋದ್ರೆ ನನ್ನ ಗಂಡ ಮನೆಗೆ ಸೇರಿಸಲ್ಲ. ಆ ಪೆಟ್ಟಿಗೆಗೆ ನೀರು ಯಾವುದರಿಂದ ಬರುತ್ತೆ, ತೋರ್ಸಿ.”

ಡ್ಯಾಶ್‌ಬೋರ್ಡಿನ ಕೆಳಗೆ ಎರಡು ರಬ್ಬರ್ ಕೊಳವೆಗಳಿದ್ದವು. ಒಂದು ಮುಟ್ಟಿದರೆ ಸುಡುತ್ತಿತ್ತು, ಇನ್ನೊಂದು ಬೆಚ್ಚಗಿತ್ತು ಅಷ್ಟೇ. ಗೂಡಿನ ಹೊಗೆಕಿಂಡಿ ಕಟ್ಟಿಕೊಂಡರೆ ಹೀಗೇ. ಒಂದು ಕಡೆ ಉರಿ, ಇನ್ನೊಂದು ಕಡೆ ತಣ್ಣಗೆ. “ನಡುವೆ ಏನೋ ಸಿಕ್ಕಿಹಾಕ್ಕೊಂಡಿದೆ,” ಅಂದವಳೇ ತಲೆಯ ಒದ್ದೆ ಬಟ್ಟೆ ಬಿಚ್ಚಿ ಕೈಗೆ ಸುತ್ತಿಕೊಂಡಳು. ಕಾಲು ಮೇಲೆತ್ತಿ ಸೀಟಿನ ಮೇಲೆ ಮಡಚಿ, ಬಾಗಿ, ಬೆಚ್ಚಗಿದ್ದ ಕೊಳವೆಯ ಕ್ಲಿಪ್ಪು ಸಡಿಲಿಸಿ ಎಳೆದಳು. “ಈಗ ಇಂಜಿನ್ ಶುರು ಮಾಡಿ. ಜೋರಾಗಿ!”

ಕಾಸಿಯಾನೊ ಒತ್ತಿದ. ಪೆಟ್ಟಿಗೆ ಒಂದು ಸಲ ಗೊರಗುಟ್ಟಿತು, ಎರಡು ಸಲ ಕೆಮ್ಮಿತು, ಆಮೇಲೆ ಹಸಿರು ಗೊಜ್ಜಿನಂಥದ್ದನ್ನು ಭುಸ್ಸೆಂದು ಕಾರಿನ ತುಂಬ ಕಕ್ಕಿಬಿಟ್ಟಿತು. ನೆಲ, ಬಾಗಿಲು, ಅವನ ಪ್ಯಾಂಟು, ಗಾಜು, ಎಲ್ಲ ಕಡೆ ಬೆಂದ ಸೊಪ್ಪು. ಕುದಿನೀರಿನ ಹಿಂದೆಯೇ ವಾಸನೆಯೂ ಬಂತು. ದಿನ ಬೆಳಗಾದರೆ ಎಲ್ಲ ಮನೆಯಲ್ಲೂ ಚಹಾದ ಹಾಗೆ ಕಾಯಿಸಿ ಕುಡಿಯುವ ಎಲೆಯ ವಾಸನೆ.

ಕಾಸಿಯಾನೊ ಬೆರಳಲ್ಲಿ ಒಂದಿಷ್ಟು ಎತ್ತಿ ಮೂಸಿದ.

“ಮಾಟೆ!” ಅಂದ ಕಾಸಿಯಾನೊ. “ನನ್ನ ಕಾರಲ್ಲಿ ಯಾರು ಮಾಟೆ ಕಾಯ್ಸಿದ್ದು?”

“ರುಫಿನೊ,” ಅಂದಳು ದಾಲ್ಮಿರಾ ಹಲ್ಲು ಕಚ್ಚಿ.

ಅವನೇ. ರೇಡಿಯೇಟರಿನಲ್ಲಿ ಎಲ್ಲೋ ಒಂದು ಹನಿ ತೊಟ್ಟಿಕ್ಕುವುದನ್ನು ಕಂಡು, ಆ ಸೀಮೆಯವರೆಲ್ಲ ಟ್ರಾಕ್ಟರಿಗೆ ಮಾಡುವ ಹಾಗೆ ಎರಡು ಹಿಡಿ ಮಾಟೆ ಪುಡಿ ಸುರಿದಿದ್ದ. ಪುಡಿ ಊದಿಕೊಂಡು ತೂತು ಮುಚ್ಚುತ್ತದೆ, ಸುಳ್ಳಲ್ಲ. ಆದರೆ ಟ್ರಾಕ್ಟರಿಗೆ ಹೀಟರ್ ಇರುವುದಿಲ್ಲ. ಯಾರಿಗೂ ಯಾಕೆ ಹೇಳಲಿಲ್ಲವೋ ಅಂತ ಆಮೇಲೆ ಎಲ್ಲರೂ ಹಿಡಿದು ಕೇಳಿದಾಗ, “ಸಾರಿಗೆ ಉಪ್ಪು ಹಾಕಿದ್ರೆ ಡಂಗುರ ಹೊಡೀತೀರಾ?” ಅಂದನಂತೆ.

ಕೊಳವೆ ಮತ್ತೆ ಕೂರಿಸಿದರು. ಹೋದ ನೀರಿನ ಜಾಗಕ್ಕೆ ಮಡಿಲಲ್ಲಿದ್ದ ಸೀಸೆಯ ನೀರು. ದಾಲ್ಮಿರಾ ಕಾಲಿನ ಗೋಣಿ ಬಿಚ್ಚಿ ರೇಡಿಯೇಟರಿನ ಮುಚ್ಚಳಕ್ಕೆ ಹಾಕಿ, ಮುಖ ಪಕ್ಕಕ್ಕೆ ಹೊರಳಿಸಿ ತಿರುಗಿಸಿದಳು. ಆವಿ ಇಳಿದ ಮೇಲೆ, ಕಾಸಿಯಾನೊ ಒಣಗಿದ ನಾಲಿಗೆಯಿಂದ ತುಟಿ ಸವರುತ್ತಾ ಸೀಸೆಯನ್ನು ಬಗ್ಗಿಸಿ, ಸ್ವಲ್ಪ ಸ್ವಲ್ಪವಾಗಿ ಕೊನೆಯ ಹನಿವರೆಗೂ ಹೊಯ್ದ.

“ಒಂದು ಗುಟುಕಾದ್ರೂ ಇಟ್ಕೋಬಹುದಿತ್ತು,” ಅಂದಳು ಅವಳು.

“ಅದು ಕುಡೀಲಿ. ನಾವು ಆಮೇಲೆ ಕುಡಿಯೋಣ.”

ಕಾರು ಹೊರಟಿತು. ಒಂದು ಕ್ಷಣ, ಎರಡು ಕ್ಷಣ, ಮೂರನೆಯದಕ್ಕೆ ಕೆಳಗಿಂದ ಬೆಂಕಿಯಂಥ ಗಾಳಿ ಬಂದು ಕಾಲಿಗೆ ಬಡಿಯಿತು. ದಾಲ್ಮಿರಾ ಚಪ್ಪಾಳೆ ತಟ್ಟಿದಳು. “ಸುಡ್ತಾ ಇದೆ! ದೊನ್ ಕಾಸಿಯಾನೊ, ಚೆನ್ನಾಗಿ ಸುಡ್ತಾ ಇದೆ!”

ಕೆರೆ ಏರಿಯಿಂದ ಇಳಿಯುವಾಗಲೇ ಚರ್ಚಿನ ಪಾದ್ರಿ ಗಂಟೆಯ ಹಗ್ಗದ ಕಡೆ ನಡೆದುಹೋಗುವುದು ಕಾಣಿಸಿತು. ಅಲ್ಲಿಂದ ನಿಲ್ದಾಣದವರೆಗೆ ಊರ ನಡುವಿನ ನೇರ ಬೀದಿ. ರೇಸು ಮುಗಿಯಿತೆಂದುಕೊಂಡ ಜನ ಆಗಲೇ ಕುರ್ಚಿಗಳನ್ನು ಹೊರಗೆ ತಂದು ಹಾಕುತ್ತಿದ್ದರು. ಯಾರೋ ದೊಡ್ಡಿಯ ಬಾಗಿಲು ತೆಗೆದಿದ್ದರು, ಆಡುಗಳು ಬೀದಿ ತುಂಬ ಹರಡಿಕೊಂಡು ಎಂದಿನಂತೆ ಕೆರೆಯ ಕಡೆ ಹೊರಟಿದ್ದವು.

ಕಾಸಿಯಾನೊ ಬ್ರೇಕ್ ಒತ್ತಿದ. ದಾಲ್ಮಿರಾ ಕಿಟಕಿ ಇಳಿಸಿ ಸೊಂಟದ ತನಕ ಹೊರಗೆ ಬಂದಳು. ಕೆದರಿದ ಕೂದಲು, ಮುಖದ ತುಂಬ ಹಸಿರು ಸೊಪ್ಪು.

“ಏಯ್ ಮಾರ್ಸೆಲಿನಾ, ಕುರ್ಚಿ ತೆಗಿಯೇ! ನಿನ್ನ ಆಡು ಹಿಡ್ಕೊಳ್ಳೇ! ಏಯ್ ಗಡ್ಡದ ತಾತ, ನೀನೂ ಆಡಿನ ಹಿಂದೆ ಹೋಗು!”

ಮೊದಲು ನಕ್ಕರು, ಆಮೇಲೆ ಓಡಿಬಂದರು. ಕಾರನ್ನು ಮುಟ್ಟುವಂತಿರಲಿಲ್ಲ, ಆಡನ್ನು ಮುಟ್ಟಬಾರದೆಂದು ಯಾವ ನಿಯಮವೂ ಇರಲಿಲ್ಲ. ಹೆಂಗಸರು ಕೊಂಬು ಹಿಡಿದು ಎಳೆದರು, ತಾತ ಒಂದು ಮರಿಯನ್ನು ಕಂಕುಳಲ್ಲಿ ಎತ್ತಿಕೊಂಡ, ಏರಿಯಿಂದ ನಡೆದು ಬಂದಿದ್ದ ಕಟುಕ ತನ್ನ ಪಳಗಿದ ಕೈಯಿಂದ ಒಂದೇ ಸಲಕ್ಕೆ ಎರಡನ್ನು ಬದಿಗೆ ಸರಿಸಿದ. ಬೀದಿಯಲ್ಲಿ ದಾರಿ ತೆರೆದುಕೊಂಡಿತು. ನಿಲ್ದಾಣದ ಮುಂದೆ ದೊನ್ ಗೆರ್ವಾಸಿಯೊ ಬಾವುಟದ ಒಂದು ತುದಿಯನ್ನು ಇನ್ನೊಂದಕ್ಕೆ ಸೇರಿಸುತ್ತಿದ್ದವನು ಇಂಜಿನ್ ಸದ್ದಿಗೆ ತಲೆ ಎತ್ತಿ, ಅದನ್ನು ಮತ್ತೆ ಬಿಚ್ಚಿ, ಬೀಸಿದ. ಕಾರು ಅದರ ಕೆಳಗೆ ಹಾದು, ಆಚೆ ನಿಂತ ಮೇಲೆ ಗಂಟೆ ಬಾರಿಸಿತು. ಅಷ್ಟು ಹೊತ್ತು ಪಾದ್ರಿ ಹಗ್ಗ ಹಿಡಿದುಕೊಂಡು ಏನು ಮಾಡುತ್ತಿದ್ದರೋ, ಆ ಬಗ್ಗೆ ಯಾರೂ ಅವರ ಬಾಯಿ ಬಿಡಿಸಲಿಲ್ಲ.

ಕಟ್ಟ ಕಡೆಯ ಕಾರು. ಆದರೂ ಜನ ಮೊದಲು ಬಂದವನನ್ನು ಬಿಟ್ಟು ಇತ್ತ ನುಗ್ಗಿದರು. ಬಾಗಿಲು ತೆಗೆದೊಡನೆ ಹಸಿರು ನೀರು ಹೊರಗೆ ಹರಿಯಿತು. “ಲೋಟ ತನ್ರೋ, ಮಾಟೆ ಆಗಿದೆ!” ಅಂತ ಯಾರೋ ಕೂಗಿದರು. ರುಫಿನೊ ಜನರ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ವೆಂತೂರ ಹೂಜಿ ಹಿಡಿದು ಬಂದು ಹೆಂಡತಿಯನ್ನು ಅಡಿಯಿಂದ ಮುಡಿವರೆಗೆ ನೋಡಿ, “ಮನೆಗೆ ಬಾ,” ಅಂದ, “ಮೊದಲು ಸ್ನಾನ ಮಾಡು.” ಕಾಸಿಯಾನೊ ಕಾರಿನಿಂದ ಇಳಿಯಲೇ ಇಲ್ಲ. ಎರಡೂ ಕೈ ಚಕ್ರದ ಮೇಲಿಟ್ಟುಕೊಂಡು ಮುಂದೆ ನೋಡುತ್ತಾ ಕೂತಿದ್ದ. ಕೆನ್ನೆಯ ಮೇಲೆ ಇಳಿಯುತ್ತಿದ್ದದ್ದು ಬೆವರು ಅಂತ ಹೇಳಿದ, ಎಲ್ಲರೂ ಹೌದೆಂದರು.

ಅವನ ಜಾಗ ಉಳಿಯಿತು. ಮುಂದಿನ ಎಷ್ಟೋ ಜನವರಿಗಳಲ್ಲಿ ಅವರಿಬ್ಬರೂ ಹೊರಟರು. ಕೆಲವು ಸಲ ತಲುಪಿದರು, ಕೆಲವು ಸಲ ಇಲ್ಲ. ಒಮ್ಮೆ ಮೂರನೆಯವರಾಗಿ ಬಂದು ಸಿಕ್ಕ ತಗಡಿನ ಕಪ್ಪಿನಲ್ಲಿ ಕಾಸಿಯಾನೊ ಹಿಟ್ಟಿನ ಹುಳಿ ಇಡುತ್ತಿದ್ದ. ಆ ಮೊದಲ ರೇಸಿನ ನಂತರ ಅವಳನ್ನು ಹುಡುಗಿ ಎಂದೇ ಕರೆದ, ಅವಳ ಕೂದಲು ನರೆತ ಮೇಲೂ. ಊರಿನಲ್ಲಿ ಅವಳನ್ನು ಬಟ್ಟೆ ಒಗೆಯುವವಳು ಅನ್ನುವುದು ನಿಂತಿತು. ವೆಂತೂರ ತೀರಿಕೊಂಡ ವಾರ, ಕಾಸಿಯಾನೊ ದಿನಾ ಬೆಳಿಗ್ಗೆ ಬ್ರೆಡ್ ತಂದು ಬಾಗಿಲಲ್ಲಿ ಕೂತು, ಅವಳು ಉತ್ತರ ಕೊಡದಿದ್ದರೂ ಬಿಸಿಲು ಏರುವ ತನಕ ಮಾತಾಡಿ ಹೋಗುತ್ತಿದ್ದ. ಮೂರನೆಯ ದಿನಕ್ಕೋ ನಾಲ್ಕನೆಯದಕ್ಕೋ ಅವಳು ಬ್ರೆಡ್ ಬೆಂದಿಲ್ಲ ಅಂತ ಬೈದಳು. ಅವನು ಖುಷಿಯಾಗಿ ಮನೆಗೆ ಹೋದ.

ಆಮೇಲೆ ಅವನ ಎದೆ ಕೆಟ್ಟಿತು. ಇಡೀ ಆಯುಷ್ಯದ ಹಿಟ್ಟು, ಹೊಗೆ. ಬೇಕರಿಯನ್ನು ತಂಗಿಯ ಮಗಳು ಬೆನಿತಾ ಹಿಡಿದಳು. ಗಟ್ಟಿಗಿತ್ತಿ. ಮೂಟೆ ಒಬ್ಬಳೇ ಇಳಿಸುವಳು, ಆದರೆ ಬಾಯಿ ಬಿಟ್ಟರೆ ಮುತ್ತು ಉದುರುತ್ತದೆ ಅನ್ನುವ ಹಾಗೆ ಮಾತು ಕಡಿಮೆ. ಆ ವರ್ಷ ಅವಳು ಮಾವನ ನಂಬರನ್ನೇ ಕಾರಿನ ಬಾಗಿಲಿಗೆ ಹೊಸದಾಗಿ ಬಳಿದು, ಜನವರಿ ರೇಸಿಗೆ ತಾನೇ ಓಡಿಸುತ್ತೇನೆಂದು ಹೆಸರು ಕೊಟ್ಟು ಬಂದಿದ್ದಳು.

ದಾಲ್ಮಿರಾ ಕುಂಬಳಕಾಯಿ ಸಾರು ತೆಗೆದುಕೊಂಡು ಹೋದ ದಿನ ಕಾಸಿಯಾನೊ ದಿಂಬಿಗೆ ಒರಗಿ ಕೂತಿದ್ದ. ಹೊರಗೆ ಬೆನಿತಾ ಇಂಜಿನ್ ಶುರು ಮಾಡಿ ಕಿವಿ ಕೊಟ್ಟು ಕೇಳುತ್ತಿದ್ದಳು. ಅವನೂ ಒಳಗಿಂದಲೇ ಕೇಳಿಸಿಕೊಂಡ, ಸರಿ ಅನ್ನುವ ಹಾಗೆ ತಲೆ ಆಡಿಸಿದ. ಎರಡು ಚಮಚ ಸಾರು ಕುಡಿದು, ಉಪ್ಪು ಜಾಸ್ತಿ ಅಂದ.

“ನಿಮ್ಮ ನಾಲಿಗೆ ಕೆಟ್ಟಿದೆ, ಸಾರಲ್ಲ.”

ಅವನು ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಂತ ಮೇಲೆ ಅವಳ ಕೈ ಹಿಡಿದುಕೊಂಡ. ಹಳೆ ಬೊಬ್ಬೆಯ ಕಲೆಗಳಿದ್ದ ಕೈಗೆ ಹಳೆ ಬೊಬ್ಬೆಯ ಕಲೆಗಳಿದ್ದ ಕೈ.

“ಹುಡುಗಿ, ಒಂದು ಕೆಲಸ ಮಾಡು. ನಮ್ಮ ಬೆನಿತಾ ಪಕ್ಕ ಕೂರೋಕೆ ಯಾರನ್ನಾದ್ರೂ ಹುಡುಕಿಕೊಡು. ಬಿಸಿ ತಡ್ಕೊಳ್ಳೋರೇ ಆಗಬೇಕು ಅಂತಿಲ್ಲ, ಅದು ಅಭ್ಯಾಸ ಆಗುತ್ತೆ. ತಿರುಗಿ ಮಾತಾಡೋರು ಬೇಕು.”